ಸಹಾಯ ಬೇಕು: ಡಬಲ್ ಮಾರ್ಕರ್ ವರದಿಯಲ್ಲಿ ಪ್ಯಾಪ್-ಎ ಕಡಿಮೆ ಬಂದಿದೆ

ಎಲ್ಲರಿಗೂ ನಮಸ್ಕಾರ. ಪುಣೆಯ ಚಿಂಚವಾಡದಲ್ಲಿರುವ ನನ್ನ ತಂಗಿಗೆ ಗರ್ಭದ 13ನೇ ವಾರ ನಡೆಯುತ್ತಿದ್ದು, ಡಬಲ್ ಮಾರ್ಕರ್ (ಮಗುವಿಗೆ ವರ್ಣತಂತು ದೋಷವಿರುವ ಸಂಭವವನ್ನು ಅಂದಾಜಿಸುವ ರಕ್ತಪರೀಕ್ಷೆ) ವರದಿಯಲ್ಲಿ ಡೌನ್ ಸಿಂಡ್ರೋಮ್‌ನ ಎದುರು ‘ಲೋ ರಿಸ್ಕ್’ ಎಂದಿದ್ದರೂ ಪ್ಯಾಪ್-ಎ ಎಂಬ ಪ್ರೋಟೀನ್ ಮಾತ್ರ 0.32 ಎಂಒಎಂ (ಅಂದರೆ ಅದೇ ವಾರದ ಗರ್ಭಿಣಿಯರ ಮಧ್ಯಮ ಮಟ್ಟದ 0.32 ಪಟ್ಟು) ಬಂದಿದೆ. ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂಭಾಗದ ದ್ರವದ ದಪ್ಪ ಅಳೆಯುವುದು) ಸರಿಯಾಗಿದೆ. 9ನೇ ವರ್ಣತಂತುವಿನಲ್ಲಿರುವ ವಂಶವಾಹಿಯಿಂದ ತಯಾರಾಗುವ ಈ ಪ್ರೋಟೀನನ್ನು ಗರ್ಭಿಣಿಯರಲ್ಲಿ ಮಾಸು ಹೇರಳವಾಗಿ ಸ್ರವಿಸುತ್ತದೆ, ಬೆಳವಣಿಗೆಗೆ ಬೇಕಾದ ಐಜಿಎಫ್ ಎಂಬ ಹಾರ್ಮೋನನ್ನು ಹಿಡಿದಿಟ್ಟುಕೊಂಡ ಇನ್ನೊಂದು ಪ್ರೋಟೀನನ್ನು ಕತ್ತರಿಸಿ ಆ ಹಾರ್ಮೋನನ್ನು ಬಿಡಿಸುವುದೇ ಇದರ ಕೆಲಸ, ಹಾಗಾಗಿ ಇದು ಕಡಿಮೆಯಿದ್ದರೆ ಮಗುವಿನ ತೂಕ ಕುಗ್ಗುವ, ತಾಯಿಗೆ ರಕ್ತದೊತ್ತಡ ಏರುವ ಸಂಭವ ಹೆಚ್ಚು ಎಂಬಷ್ಟು ಓದಿ ತಿಳಿದುಕೊಂಡಿದ್ದೇನೆ. ಒಬ್ಬ ವೈದ್ಯೆ ‘ಕಾಳಜೀ ಕರೂ ನಕಾ’ (ಚಿಂತೆ ಮಾಡಬೇಡಿ) ಎಂದು ಫೋಲಿಕ್ ಆಸಿಡ್ ಅಷ್ಟನ್ನೇ ಮುಂದುವರಿಸಲು ಹೇಳಿದರು. ಇನ್ನೊಬ್ಬರು ರಕ್ತದೊತ್ತಡದ ಆ ಅಪಾಯ ತಗ್ಗಿಸಲೆಂದು ರಾತ್ರಿ 150 ಮಿ.ಗ್ರಾಂ. ಆಸ್ಪಿರಿನ್ ಬರೆದುಕೊಟ್ಟಿದ್ದಾರೆ. ಅದನ್ನು 16ನೇ ವಾರದೊಳಗೆ ಆರಂಭಿಸಬೇಕಂತೆ, ಆದ್ದರಿಂದ ಕಾಯುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಬಿ.ಪಿ., ಸಕ್ಕರೆ ಯಾವುದೂ ಇಲ್ಲದವರಿಗೆ ಪ್ಯಾಪ್-ಎ ಒಂದೇ ಕಡಿಮೆಯಿದ್ದರೆ ಆಸ್ಪಿರಿನ್ ಕೊಡುವುದು ರೂಢಿಯೇ, ಅಥವಾ ಮೊದಲು ಗರ್ಭಕೋಶದ ರಕ್ತನಾಳಗಳ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿ ನಿರ್ಧರಿಸಬೇಕೇ? ಬಲ್ಲವರು, ಈ ಪರಿಸ್ಥಿತಿ ದಾಟಿದವರು ದಯವಿಟ್ಟು ತಿಳಿಸಿ.