ಮೊದಲು ಮಂಡಿ ನೋಡಿ, ಆಮೇಲೆ ಹೋಮ್ ರನ್ ಎಣಿಸಿ

ಸಿಯಾಟಲ್ ಕಡೆ ನಾಲ್ಕು ಜನ ಕನ್ನಡದವರು ಸೇರಿದರೆ ಮೊದಲು ಮನೆ ಬೆಲೆ, ಆಮೇಲೆ ವೀಸಾ, ಅದೂ ಮುಗಿದರೆ ಬೇಸ್‌ಬಾಲ್. ಅಲ್ಲಿನ ಮ್ಯಾರಿನರ್ಸ್ ತಂಡದ ಕ್ಯಾಚರ್ (ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದ ಹಾಗೆ) ಕ್ಯಾಲ್ ರಾಲಿ 2025ರ ಒಂದೇ ಸೀಸನ್ನಿನಲ್ಲಿ 60 ಹೋಮ್ ರನ್ (ನಮ್ಮ ಸಿಕ್ಸರ್ ಥರದ ಹೊಡೆತ) ಬಾರಿಸಿದ ಮೇಲಂತೂ ಚಹಾ ಕುಡಿಯುವವರೆಲ್ಲ ಸ್ಕೌಟುಗಳೇ, ಅಂದರೆ ಹೊಸ ಆಟಗಾರರನ್ನು ಹುಡುಕಿ ಅಳೆಯುವವರೇ. ಈ ಸಲ ಶೆಟ್ರೇ ಶುರು ಹಚ್ಚಿಕೊಂಡರು.

"ಒಬ್ಬ ಹುಡುಗ ಇದ್ದಾನೆ ಅಂತ ಇಟ್ಕೊಳ್ಳಿ ಮಾರಾಯ್ರೆ. ವಯಸ್ಸು 20, ಕ್ಯಾಚರ್. ಮ್ಯಾರಿನರ್ಸ್‌ನ ಕೆಳಹಂತದ ತಂಡ ಎವೆರೆಟ್ ಆಕ್ವಾಸಾಕ್ಸ್‌ಗೆ ಆಡ್ತಾ ಜುಲೈ ಒಳಗೆ 18 ಹೋಮ್ ರನ್ ಹೊಡೆದ. ಇನ್ನು ಯೋಚನೆ ಎಂತದು? ರಾಲಿ ಸಹ 2018ರಲ್ಲಿ ಅದೇ ಎವೆರೆಟ್‌ನಲ್ಲಿ ಶುರು ಮಾಡಿದ್ದಲ್ವಾ? 'ಮುಂದಿನ ರಾಲಿ' ಅಂತ ವರದಿ ಬರೆದು ಮೇಜರ್ ಲೀಗಿಗೆ ಕಳಿಸೋದು."

ರಾಯರು ಕೋಡುಬಳೆ ಮುರಿಯುತ್ತಾ ಕೇಳಿದರು. "ಆ ಹುಡುಗ ಹೇಗೆ ಕೂತ್ಕೊಳ್ತಾನೆ ಅಂತ ನೋಡಿದ್ರಾ?"

"ಹೊಡೆಯೋದು ನೋಡಿದ್ದೇನೆ."

"ಹೊಡೆಯೋದನ್ನ ಟಿಕೆಟ್ ತಗೊಂಡೋರೆಲ್ಲ ನೋಡ್ತಾರೆ. ಸ್ಕೌಟ್ ನೋಡಬೇಕಾದ್ದು ಮಂಡಿ."

ಗೌಡ್ರು ಕ್ರಿಕೆಟ್ ಪಂಗಡ. ಅವರಿಗೆ ಇದು ರೇಗಿತು. "ಅದೇನ್ ಸಾಮಿ ಮಂಡಿ ಮಂಡಿ ಅಂತೀರಾ? ನಮ್ ಕಿರ್ಮಾನಿ ದಿನಗಟ್ಲೆ ಕೂತು ಎದ್ದು ಮಾಡಿಲ್ವಾ?"

"ಕಿರ್ಮಾನಿ ದೊಡ್ಡೋರು, ಒಪ್ಪಿದೆ. ಆದರೆ ವೇಗದ ಬೌಲರ್ ಬಂದರೆ ಕೀಪರ್ ಇಪ್ಪತ್ತು ಗಜ ಹಿಂದೆ ನಿಲ್ಲಬಹುದು, ಬಾಲು ನೆಲಕ್ಕೆ ಬಿದ್ದು ವೇಗ ಕಳ್ಕೊಂಡು ಬರುತ್ತೆ. ಇಲ್ಲಿ ಬ್ಯಾಟರ್ ಬೆನ್ನಿಗೇ ಕೂರಬೇಕು, ಗಂಟೆಗೆ 95 ಮೈಲಿ ಬಾಲು ನೇರ ಗ್ಲೌಸಿಗೆ. ಒಂದು ಪಂದ್ಯಕ್ಕೆ ಸುಮಾರು 140-150 ಸಲ. ಇದರ ಮೇಲೆ ಅವನು ಬ್ಯಾಟೂ ಬೀಸಬೇಕು."

ಪದ್ಮಕ್ಕ ಅಷ್ಟು ಹೊತ್ತೂ ಫೋನಿನಲ್ಲಿ ಅಂಕಿ ನೋಡುತ್ತಿದ್ದವರು ತಲೆಯೆತ್ತಿದರು. "ಗೌಡ್ರೇ, ನಿಮಗೆ ಕ್ರಿಕೆಟ್ಟಲ್ಲೇ ಹೇಳ್ತೀನಿ. 2003ರ ವಿಶ್ವಕಪ್ಪಲ್ಲಿ ದ್ರಾವಿಡ್ ಕೈಗೆ ಯಾಕೆ ಕೀಪಿಂಗ್ ಗ್ಲೌಸ್ ಕೊಟ್ರು?"

"ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಆಗ್ಲಿ ಅಂತ."

"ಇಲ್ಲಿ ಕಥೆ ಇರೋದೂ ಅಲ್ಲೇ. ಕ್ಯಾಚರ್‌ಗಳಲ್ಲಿ ಚೆನ್ನಾಗಿ ಹೊಡೆಯೋರು ಕಮ್ಮಿ. 240ರ ಸರಾಸರಿ (ಸಾವಿರ ಸಲ ಬ್ಯಾಟ್ ಮಾಡಿದ್ರೆ 240 ಹಿಟ್), ವರ್ಷಕ್ಕೆ 20 ಹೋಮ್ ರನ್ ಅಂದ್ರೆ ಕ್ಯಾಚರ್‌ಗೆ ರಾಜಮರ್ಯಾದೆ. ಅದೇ ಅಂಕಿ ಇಟ್ಕೊಂಡು ಫಸ್ಟ್ ಬೇಸ್‌ಗೆ ಹೋದರೆ ಬೆಂಚು. ಅದಕ್ಕೇ ಮೊದಲ ಪ್ರಶ್ನೆ ಎಷ್ಟು ಹೊಡೀತಾನೆ ಅನ್ನೋದಲ್ಲ. ಇವನು ಪ್ಲೇಟ್ ಹಿಂದೆ, ಅಂದ್ರೆ ಕ್ಯಾಚರ್ ಜಾಗದಲ್ಲೇ, ಉಳೀತಾನಾ ಅನ್ನೋದು."

"ಕೈಲ್ ಶ್ವಾರ್ಬರ್?" ಶೆಟ್ರು ಪಟ್ಟು ಬಿಡಲಿಲ್ಲ. "2014ರ ಡ್ರಾಫ್ಟಲ್ಲಿ, ಅಂದ್ರೆ ತಂಡಗಳು ಸರದಿಯಲ್ಲಿ ಹೊಸಬರನ್ನ ಆರಿಸೋದ್ರಲ್ಲಿ, ನಾಲ್ಕನೇ ಆಯ್ಕೆ, ಕ್ಯಾಚರ್ ಆಗಿದ್ದವ. ಗ್ಲೌಸ್ ಬಿಡಿಸಿದ್ರು. 2025ರಲ್ಲಿ 56 ಹೋಮ್ ರನ್ ಬಂತಲ್ಲ?"

"56 ಹೊಡೆಯೋ ಹಾಗಿದ್ರೆ ಎಲ್ಲಿ ಬೇಕಾದ್ರೂ ನಿಲ್ಲಿಸಿ, ಟಿಕೆಟ್ ಕೌಂಟರಲ್ಲೂ ಕೂರಿಸಿ. 22 ಹೊಡೆಯೋನನ್ನ ಎಲ್ಲಿ ಇಡ್ತೀರಿ? ಮೈನರ್ ಲೀಗಲ್ಲಿ ಸಿಗೋರು ಹೆಚ್ಚಿನವರು ಅಂಥವರೇ."

ಶೆಟ್ರು ಇದಕ್ಕೆ ಉತ್ತರ ಕೊಡದೆ ಎರಡನೇ ಕೋಡುಬಳೆ ತೆಗೆದುಕೊಂಡರು. ಅಷ್ಟರಲ್ಲಿ ರಾಯರು ಜೇಬಿನಿಂದ ಸ್ಟಾಪ್‌ವಾಚ್ ತೆಗೆದರು. ಇದು ಹೊರಗೆ ಬಂದರೆ ಅರ್ಧ ಗಂಟೆ ಒಳಗೆ ಹೋಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು.

"ಪಾಪ್ ಟೈಮ್. ಓಟಗಾರ ಬೇಸ್ ಕದಿಯೋಕೆ, ಅಂದ್ರೆ ಬಾಲು ಹೊಡೆಯೋದಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿದಾಗ, ಅವನನ್ನ ಔಟ್ ಮಾಡೋ ಎಸೆತಕ್ಕೆ ಕ್ಯಾಚರ್ ತಗೊಳ್ಳೋ ಹೊತ್ತು. ಬಾಲು ಕ್ಯಾಚರ್ ಗ್ಲೌಸಿಗೆ ಬಿದ್ದ ಶಬ್ದಕ್ಕೆ ಒತ್ತಬೇಕು. ಸೆಕೆಂಡ್ ಬೇಸಲ್ಲಿ ಫೀಲ್ಡರ್ ಗ್ಲೌಸಿಗೆ ಬಿದ್ದಾಗ ನಿಲ್ಲಿಸಬೇಕು. ಮಧ್ಯೆ 127 ಅಡಿ 3 ಅಂಗುಲ ಚಿಲ್ಲರೆ. 2.0 ಸೆಕೆಂಡ್ ಮೇಜರ್ ಲೀಗಿನ ಸರಾಸರಿ. 1.9 ಅಂದ್ರೆ ಬಲು ಚೆನ್ನ. 2.1 ಆದ್ರೆ ಎದುರಾಳಿ ಓಟಗಾರರಿಗೆ ಹಬ್ಬ."

"ಹಾಗಾದ್ರೆ ಇನ್ನಿಂಗ್ಸ್ ಮಧ್ಯೆ ಪ್ರಾಕ್ಟೀಸಿಗೆ ಎಸೀತಾರಲ್ಲ, ಆಗಲೇ ಅಳೆದ್ರೆ ಆಯ್ತು," ಅಂದರು ಗೌಡ್ರು.

"ಅಳೆದು ಮೋಸ ಹೋಗಿ! ಆಗ ಎದುರಿಗೆ ಬ್ಯಾಟರ್ ಇಲ್ಲ, ಬಾಲು ಎಲ್ಲಿಗೆ ಬರುತ್ತೆ ಅಂತ ಮೊದಲೇ ಗೊತ್ತು, ಹಿಡಿಯೋ ಮುಂಚೆನೇ ಅರ್ಧ ಎದ್ದಿರ್ತಾನೆ. 1.85 ತೋರಿಸೋನು ಪಂದ್ಯದಲ್ಲಿ 1.98ಕ್ಕೆ ಇಳೀತಾನೆ. ಎರಡನ್ನೂ ಬೇರೆ ಬೇರೆ ಬರೆದಿಡಬೇಕು."

ಇನ್ನು ಬಿಡಿಸಿ ಹೇಳಲು ರಾಯರು ಎದ್ದು ನಿಂತರು, ನಿಜವಾಗಿಯೂ ಕೂತು ತೋರಿಸಲು ಹೋದರು, ಪದ್ಮಕ್ಕ "ಬೇಡ, ಸೊಂಟ" ಅಂದ ಮೇಲೆ ಕುರ್ಚಿಗೇ ಒರಗಿದರು. "80 ಮೈಲಿ ವೇಗದಲ್ಲಿ ಎಸೆದ ಬಾಲಿಗೆ ಸೆಕೆಂಡ್ ಬೇಸ್ ಮುಟ್ಟೋದಕ್ಕೆ ಹತ್ತಿರ ಹತ್ತಿರ 1.2 ಸೆಕೆಂಡ್. ಉಳಿದ 0.7 ಅಥವಾ 0.8 ಗ್ಲೌಸಿಂದ ಬಾಲು ಕೈಗೆ ತಗೊಂಡು, ಕಾಲು ತಿರುಗಿಸಿ ಬಿಡೋದಕ್ಕೆ. ದಪ್ಪ ಮೈಯ, ಜೋರಾಗಿ ಹೊಡೆಯೋ ಹುಡುಗರು ಸೋಲೋದು ಇಲ್ಲೇ. ತೋಳಲ್ಲಿ ಬಲ ಇರುತ್ತೆ. ಆದರೆ ಮೊದಲು ಉದ್ದಕ್ಕೆ ಎದ್ದು ನಿಲ್ತಾರೆ, ಆಮೇಲೆ ಕಾಲು ಹಾಕ್ತಾರೆ. ಇಲ್ಲಾ ಗ್ಲೌಸೊಳಗೆ ಬಾಲು ತಡಕಾಡ್ತಾರೆ. 0.1 ಸೆಕೆಂಡ್ ಹೋಯ್ತು ಅಂದ್ರೆ ಓಟಗಾರ ಎರಡೂವರೆ ಅಡಿಗಿಂತ ಜಾಸ್ತಿ ಮುಂದೆ. ತೋಳು ಕಲಿಸೋಕಾಗಲ್ಲ, ಕಾಲು ಕಲಿಸಬಹುದು. ಹಾಗಾಗಿ ಬಲವಾದ ತೋಳಿಂದ 2.1 ಬಂದ್ರೆ ಬೇಸರ ಬೇಡ. ಸೋತ ತೋಳಿಂದ 2.0 ಬಂದ್ರೆ ಅದು ಇನ್ನು ಸುಧಾರಿಸೋದು ಕಷ್ಟ."

"ಎದುರಾಳಿ 40 ಬೇಸ್ ಕದ್ದರೆ ಕ್ಯಾಚರ್ ದಂಡ ಅಂತಲ್ವಾ?" ಶೆಟ್ರು.

"ಕಳ್ಳತನ ಆದದ್ದಕ್ಕೆಲ್ಲ ವಾಚ್‌ಮನ್ನನ್ನೇ ಹಿಡೀಬೇಡಿ. ಬೌಲಿಂಗ್ ಮಾಡೋನು, ಅಂದ್ರೆ ಪಿಚರ್, ಕಾಲು ಎತ್ತಿದ್ದರಿಂದ ಪ್ಲೇಟಿಗೆ ಬಾಲು ತಲುಪೋವರೆಗೆ 1.3 ಸೆಕೆಂಡ್ ತಗೊಂಡ್ರೆ, ಕ್ಯಾಚರ್ 2.0, ಒಟ್ಟು 3.3. ಒಳ್ಳೆ ಓಟಗಾರನಿಗೆ ಬೇಕಾದ್ದು 3.4ರ ಆಸುಪಾಸು. ಪಿಚರ್ 1.5 ತಗೊಂಡ್ರೆ ಕ್ಯಾಚರ್ ಯಾರಾದ್ರೂ ಅಷ್ಟೇ. ಅದಕ್ಕೇ ಸ್ಕೌಟ್ ಎರಡು ವಾಚ್ ಇಟ್ಕೋಬೇಕು, ಪಿಚರ್‌ಗೊಂದು, ಕ್ಯಾಚರ್‌ಗೊಂದು. 2023ರಿಂದ ಮೇಜರ್ ಲೀಗಲ್ಲಿ ಬೇಸ್ 15ರಿಂದ 18 ಅಂಗುಲಕ್ಕೆ ದೊಡ್ಡದಾಗಿದೆ, ಪಿಚರ್ ಸುಮ್ಮಸುಮ್ಮನೆ ಬೇಸ್ ಕಡೆ ಎಸೆಯೋದಕ್ಕೂ ಕಡಿವಾಣ ಬಿದ್ದಿದೆ. ಕದಿಯೋರು ಹೆಚ್ಚಾಗಿದ್ದಾರೆ, ಕ್ಯಾಚರ್ ತೋಳಿಗೆ ಬೆಲೆ ಏರಿದೆ."

ನೆಲಕ್ಕೆ ಬೀಳುವ ಬಾಲಿನ ಮಾತು ಬಂದಾಗ ಪದ್ಮಕ್ಕ ಸರಿಯಾದ ಎಚ್ಚರಿಕೆಯನ್ನೇ ಕೊಟ್ಟರು. ಪಾಸ್ಡ್ ಬಾಲ್ (ಕ್ಯಾಚರ್ ಕೈತಪ್ಪಿದ ಬಾಲು) ಅಂಕಿ ನೋಡಿ ನಂಬಬೇಡಿ. ಬಾಲು ನೆಲಕ್ಕೆ ಬಿದ್ದು ತಪ್ಪಿಸಿಕೊಂಡರೆ ಸ್ಕೋರರ್ ಅದನ್ನು ವೈಲ್ಡ್ ಪಿಚ್ ಅಂತ ಪಿಚರ್ ತಲೆಗೆ ಕಟ್ಟುತ್ತಾನೆ. ಕ್ಯಾಚರ್ ಖಾತೆ ಶುಭ್ರವಾಗೇ ಇರುತ್ತದೆ, ಓಟಗಾರ ಮಾತ್ರ ಥರ್ಡ್ ಬೇಸಿನಲ್ಲಿ. ಆದ್ದರಿಂದ ಕಣ್ಣಲ್ಲೇ ನೋಡಬೇಕು: ಬಾಲು ಕೆಳಗೆ ಬಂದಾಗ ಮಂಡಿ ಎರಡೂ ಊರಿ, ಗದ್ದ ಒಳಗೆ ಎಳೆದು, ಎದೆ ಮುಂದೆ ಬಾಗಿಸಿ ತಡೆದು ಮುಂದಕ್ಕೆ ಬೀಳಿಸುತ್ತಾನಾ, ಅಥವಾ ಕೈ ಮಾತ್ರ ಚಾಚಿ ಗ್ಲೌಸಲ್ಲಿ ಗೋರಲು ನೋಡುತ್ತಾನಾ? ಹೋಮ್ ರನ್ ಹುಡುಗರಿಗೆ ಎರಡನೆಯದೇ ಇಷ್ಟ. ಮೈಗೆ ನೋವಾಗುವುದಿಲ್ಲ.

"ಫ್ರೇಮಿಂಗ್ ಬಿಟ್ರಲ್ಲ," ಅಂದರು ಗೌಡ್ರು, ಕ್ರಿಕೆಟ್ ಪಂಗಡದವರಾದರೂ ಇಷ್ಟು ತಿಳಿದುಕೊಂಡಿದ್ದರು. "ಅಂಪೈರ್ ಕಣ್ಣಿಗೆ ಮಣ್ಣೆರಚೋ ಕೆಲಸ."

"ಮಣ್ಣಲ್ಲ, ಪೌಡರ್," ಅಂದರು ರಾಯರು. "ಗ್ಲೌಸನ್ನ ಕೆಳಗಿಂದ ಮೇಲಕ್ಕೆ ತರ್ತಾ ಹಿಡಿದ್ರೆ ಕೆಳಗಿನ ಬಾಲೂ ಹೊಡೆಯಬಹುದಾದ ಜಾಗದಲ್ಲೇ ಬಂದ ಸ್ಟ್ರೈಕ್ ಹಾಗೆ ಕಾಣುತ್ತೆ. ಒಂದು ಮಂಡಿ ಊರಿ ಕೂರೋದು ಈಗ ರೂಢಿಯಾಗಿರೋದು ಇದಕ್ಕೇ. ಮೇಲಿಂದ ಬಾಲಿನ ಮೇಲೆ ಬೀಳೋನಿಗೆ ಕೆಳಗಿನ ಸ್ಟ್ರೈಕ್ ಎಲ್ಲಾ ಹೋಯ್ತು."

"ಈಗ ಅದರ ಬೆಲೆ ಸ್ವಲ್ಪ ಇಳೀತು ರಾಯರೇ," ಅಂದರು ಪದ್ಮಕ್ಕ. "2026ರಿಂದ ಮೇಜರ್ ಲೀಗಿಗೂ ಚಾಲೆಂಜ್ ಬಂದಿದೆ, ಅಂದ್ರೆ ಸ್ಟ್ರೈಕ್ ಹೌದೋ ಅಲ್ವೋ ಅನ್ನೋ ಅಂಪೈರ್ ತೀರ್ಪನ್ನ ಪ್ರಶ್ನಿಸಬಹುದು. ತಂಡಕ್ಕೆ ಎರಡು, ಗೆದ್ದರೆ ಉಳೀತದೆ. ಕೇಳೋ ಹಕ್ಕು ಬ್ಯಾಟರ್, ಪಿಚರ್, ಕ್ಯಾಚರ್‌ಗೆ ಮಾತ್ರ. ತಲೆ ತಟ್ಟಬೇಕು, ಬೆಂಚಿನ ಕಡೆ ನೋಡಿ ಸನ್ನೆ ಕೇಳೋ ಹಾಗಿಲ್ಲ. ಮೇಜರ್ ಲೀಗಿಗಿಂತ ಒಂದೇ ಮೆಟ್ಟಿಲು ಕೆಳಗಿರೋ ಟ್ರಿಪಲ್-ಎನಲ್ಲಿ ಮೊದಲೇ ಪ್ರಯೋಗ ಆಗಿತ್ತು. ಅಲ್ಲಿ ಕ್ಯಾಚರ್ ಯಾವಾಗ ತಲೆ ತಟ್ತಾನೆ, ಎಷ್ಟು ಸಲ ಗೆಲ್ತಾನೆ ಅಂತ ಬರೆದ್ಕೊಳ್ಳಿ. ಮೊದಲ ಇನ್ನಿಂಗ್ಸಲ್ಲೇ ಸಿಟ್ಟಿಗೆ ಎರಡೂ ಖರ್ಚು ಮಾಡೋನು ಇದ್ದಾನೆ ನೋಡಿ, ಅದು ಬುದ್ಧಿಯ ಅಂಕ."

ಶೆಟ್ರು ಗಡಿಯಾರ ನೋಡಿದರು. "ಬ್ಯಾಟಿಗೆ ಬನ್ನಿ ಮಾರಾಯ್ರೆ. ನಾನು ಹೋಮ್ ರನ್ ಅಂತ ಶುರು ಮಾಡಿದ್ದು, ನೀವು ಗದ್ದ ಮಂಡಿ ಅಂತ ಆಸ್ಪತ್ರೆ ಮಾಡಿದ್ರಿ."

ಬ್ಯಾಟಿಗೆ ಬಂದರು. ಮೊದಲು ಮೈದಾನ. ಎವೆರೆಟ್ ಹೊಡೆಯುವವರಿಗೆ ಅನುಕೂಲದ ಮೈದಾನವೆಂದೇ ಹೆಸರು, ಆದ್ದರಿಂದ ಶೆಟ್ರ ಹುಡುಗನ 18ರಲ್ಲಿ ಮನೆಯಲ್ಲೆಷ್ಟು, ಹೊರಗೆಷ್ಟು ಅಂತ ಮೊದಲು ಬಿಡಿಸಬೇಕು. ಟ್ರಿಪಲ್-ಎನ ಆಲ್ಬುಕರ್ಕಿ ಸಮುದ್ರಮಟ್ಟದಿಂದ 5,000 ಅಡಿ ಮೇಲೆ, ತೆಳು ಗಾಳಿಯಲ್ಲಿ ಬಾಲು ಹಾರುತ್ತಲೇ ಇರುತ್ತದೆ. ಫ್ಲಾರಿಡಾ ಸ್ಟೇಟ್ ಲೀಗಿನಲ್ಲಿ ದೊಡ್ಡ ಮೈದಾನ, ಸಮುದ್ರಮಟ್ಟದ ದಟ್ಟ ಗಾಳಿ. ಅಲ್ಲಿನ 10 ಇಲ್ಲಿನ 18ಕ್ಕಿಂತ ಕಡಿಮೆಯೇನಲ್ಲ.

"ಪ್ರಾಕ್ಟೀಸ್ ನೋಡಿ ಅಳೀಬಹುದಲ್ವಾ?"

"ಸಂಜೆ ಐದು ಗಂಟೆ ಶೂರರು ಬೇಕಾದಷ್ಟು ಜನ ಇದ್ದಾರೆ," ಅಂದರು ಪದ್ಮಕ್ಕ. "ಕೋಚ್ ಹತ್ತಿರದಿಂದ ನಿಧಾನ ಎಸೆದದ್ದನ್ನ ಗೋಡೆ ಆಚೆ ಹಾಕ್ತಾರೆ, ಏಳು ಗಂಟೆಗೆ ಪಂದ್ಯದಲ್ಲಿ ಮೂರು ಸಲ ಔಟ್. ಅದಕ್ಕೇ ವರದಿಯಲ್ಲಿ ಎರಡು ಅಂಕ: ಮೈಯಲ್ಲಿರೋ ಬಲಕ್ಕೊಂದು, ಪಂದ್ಯದಲ್ಲಿ ಹೊರಗೆ ಬರೋ ಬಲಕ್ಕೊಂದು. 20ರಿಂದ 80ರ ಅಳತೆ, 50 ಅಂದ್ರೆ ಮೇಜರ್ ಲೀಗಿನ ಸರಾಸರಿ. ಮೈಬಲ 65, ಪಂದ್ಯಬಲ 40 ಅಂತ ಬರೆದ ಹುಡುಗರ ರಾಶಿನೇ ಇದೆ."

"ಅದ್ಯಾಕೆ ಅಷ್ಟು ವ್ಯತ್ಯಾಸ?"

"ಬಾಲಿಗೆ ಬ್ಯಾಟು ತಾಗಬೇಕಲ್ಲ ಗೌಡ್ರೇ! ಸ್ಟ್ರೈಕ್ ಜಾಗದೊಳಗೆ ಬಂದ ಬಾಲಿಗೆ ಬೀಸಿದಾಗ ನೂರಕ್ಕೆ 75 ಸಲಕ್ಕಿಂತ ಕಮ್ಮಿ ತಾಗಿದ್ರೆ ಗಂಟೆ ಬಾರಿಸಿ. ಮೇಜರ್ ಲೀಗಲ್ಲಿ ಎಂಬತ್ತರ ಮೇಲಿರುತ್ತೆ. ಎವೆರೆಟ್ ಆಡೋ ಹೈ-ಎ ಹಂತದಲ್ಲೇ ನೂರಕ್ಕೆ 30 ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಔಟ್) ಆದ್ರೆ, ಮೇಲಕ್ಕೆ ಹೋದ ಹಾಗೆ ಏರುತ್ತೇ ಹೊರತು ಇಳಿಯೋದು ಅಪರೂಪ. ಬಾಲು ಬ್ಯಾಟು ಬಿಡೋ ವೇಗ 95 ಮೈಲಿ ದಾಟಿದ್ರೆ ಜೋರು ಹೊಡೆತ ಅಂತ ಲೆಕ್ಕ. ಸೀಸನ್ನಲ್ಲಿ ಒಂದಾದ್ರೂ 110 ಮುಟ್ಟಿರಲಿ, ಬಲ ಇದೆ ಅಂತಾಯ್ತು. ಟ್ರಿಪಲ್-ಎ, ಫ್ಲಾರಿಡಾ ಸ್ಟೇಟ್ ಲೀಗಿನ ಈ ಅಂಕಿ ನಮಗೂ ಸಿಗುತ್ತೆ. ಎವೆರೆಟ್‌ದು ತಂಡದ ಕಂಪ್ಯೂಟರೊಳಗೇ ಇರುತ್ತೆ, ನಾವು ಕಣ್ಣು ಸವೆಸಬೇಕು."

"ಕಣ್ಣಲ್ಲಿ ಎಂತ ನೋಡೋದು?"

"ಎದೆಮಟ್ಟಕ್ಕೆ ಬರೋ 95ರ ಫಾಸ್ಟ್‌ಬಾಲ್. ಕೆಳಗೆ ಬಗ್ಗಿ ಹೋಗೋ ಸ್ಲೈಡರ್. ಮೊದಲನೆಯದಕ್ಕೆ ತಡವಾಗಿ, ಎರಡನೆಯದಕ್ಕೆ ಬೇಗ ಬೀಸಿದ್ರೆ ಅವನು ಊಹೆ ಮಾಡಿ ಹೊಡೀತಿದ್ದಾನೆ ಅಂತರ್ಥ. ಮುಂದಿನ ಮೆಟ್ಟಿಲು ಡಬಲ್-ಎ, ಅಲ್ಲಿನ ಪಿಚರ್‌ಗಳಿಗೆ ಎರಡು ವಾರ ಸಾಕು, ಕಂಡುಹಿಡೀತಾರೆ."

ಶೆಟ್ರು ಕೊನೆ ಅಸ್ತ್ರ ಬಿಟ್ಟರು. "ಇಷ್ಟೆಲ್ಲ ತಿಳಿದ ಸ್ಕೌಟುಗಳು ಮೈಕ್ ಪಿಯಾಜಾನನ್ನ ಎಂತ ಮಾಡಿದ್ರು? 1988ರಲ್ಲಿ 62ನೇ ಸುತ್ತು, 1,390ನೇ ಹೆಸರು! ಅದೂ ಅಪ್ಪನ ಗೆಳೆಯ, ಡಾಜರ್ಸ್ ತಂಡದ ಮ್ಯಾನೇಜರ್ ಟಾಮಿ ಲಾಸೋರ್ಡಾ ಹೇಳಿದ್ರು ಅಂತ. ಆಮೇಲೆ ಕ್ಯಾಚರ್ ಆಗೇ 396 ಹೋಮ್ ರನ್, ಹಾಲ್ ಆಫ್ ಫೇಮ್."

"ಅವನು ಫಸ್ಟ್ ಬೇಸ್ ಹುಡುಗ, ಆಮೇಲೆ ಕ್ಯಾಚಿಂಗ್ ಕಲಿತದ್ದು," ಅಂದರು ರಾಯರು. "ನಾನು ಹೇಳಿದ್ದನ್ನೇ ನೀವು ಹೇಳಿದ್ರಿ. ಆ ಬ್ಯಾಟನ್ನ ಪ್ಲೇಟ್ ಹಿಂದೆ ಕೂರಿಸಿದ್ದಕ್ಕೇ ಅಷ್ಟು ಬೆಲೆ."

"ಹೆಸಸ್ ಮೊಂಟೆರೊ ಕಥೆ ಹೇಳಿ ಮತ್ತೆ," ಗೌಡ್ರು ನಕ್ಕರು. ಯಾಂಕೀಸ್‌ನಲ್ಲಿ ದೊಡ್ಡ ಹೆಸರು ಮಾಡಿದ್ದ ಕ್ಯಾಚರ್, 2012ರ ಜನವರಿಯಲ್ಲಿ ಮೈಕಲ್ ಪಿನೇಡಾನನ್ನು ಕೊಟ್ಟು ಸಿಯಾಟಲ್ ತರಿಸಿಕೊಂಡಿತು. ಗ್ಲೌಸ್ ನಿಲ್ಲಲಿಲ್ಲ, ಮೈತೂಕ ಏರಿತು. 2014ರಲ್ಲಿ ಎವೆರೆಟ್ ತಂಡದ ಜೊತೆ ಇದ್ದಾಗ ಸ್ವಂತ ಕ್ಲಬ್ಬಿನ ಸ್ಕೌಟೇ ಡಗೌಟಿಗೆ ಐಸ್‌ಕ್ರೀಮ್ ಸ್ಯಾಂಡ್‌ವಿಚ್ ಕಳಿಸಿ ಹಂಗಿಸಿದ, ಜಗಳ ಪತ್ರಿಕೆಗಳಿಗೆ ಬಂತು. ವರದಿ ಬರೆಯುವ ಕೆಲಸಕ್ಕೆ ಐಸ್‌ಕ್ರೀಮ್ ಬೇಕಾಗಿಲ್ಲ, ಪೆನ್ನು ಸಾಕಿತ್ತು.

"ಆತುರವೂ ಬೇಡ," ಅಂದರು ಪದ್ಮಕ್ಕ. "ರಾಲಿ 2021ರಲ್ಲಿ ಮೇಲಕ್ಕೆ ಬಂದು 180 ಸರಾಸರಿ, ಎರಡೇ ಹೋಮ್ ರನ್. 2022ರಲ್ಲಿ 27, ಆಮೇಲೆ 30, 34, 60. 2024ರಲ್ಲಿ ಲೀಗಿನ ಅತ್ಯುತ್ತಮ ಫೀಲ್ಡರಿಗೆ ಕೊಡೋ ಪ್ಲಾಟಿನಂ ಗ್ಲೌವ್. ಪಿಚರ್‌ಗಳ ಪಾಠ ಓದಿಕೊಂಡು, ಬ್ಯಾಟಿನ ಪಾಠ ಆಮೇಲೆ ಓದೋರು ಈ ಕ್ಯಾಚರ್‌ಗಳು. ಆದರೂ ಬಾಲ್ಟಿಮೋರ್ ನೋಡಿ, ತಮ್ಮ ಕ್ಯಾಚರ್ ಸ್ಯಾಮ್ಯುಯೆಲ್ ಬಸಾಯೊಗೆ 2025ರ ಆಗಸ್ಟಲ್ಲಿ, 21 ತುಂಬಿದ್ದೇ ತಡ, ಎಂಟು ವರ್ಷಕ್ಕೆ 67 ಮಿಲಿಯನ್ ಡಾಲರ್ ಬರೆದುಕೊಟ್ರು. ಫಸ್ಟ್ ಬೇಸೂ ಆಡಿಸ್ತಾರೆ. ಬ್ಯಾಟ್ ಅಷ್ಟು ನಂಬಿಕೆಯದ್ದು ಅಂತ."

"ಸರಿ, ನನ್ನ ಹುಡುಗನಿಗೆ ಎಷ್ಟು ಹಾಕ್ತೀರಿ?" ಶೆಟ್ರ ದನಿ ಇಳಿದಿತ್ತು.

"ಆರು ದಿನ ಹೋಗಿ ಕೂತ್ಕೊಳ್ಳಿ. ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿ, ಸೋಮವಾರ ರಜೆ. ಆರೂ ದಿನ ಅವನೇ ಕ್ಯಾಚ್ ಮಾಡಲ್ಲ, ಮೂರು ನಾಲ್ಕು ದಿನ ಅಷ್ಟೇ, ಉಳಿದ ದಿನ ಬರೀ ಬ್ಯಾಟಿಂಗ್. ಯಾವ ದಿನ ಅಂತ ಮೊದಲೇ ವಿಚಾರಿಸಿ, ಇಲ್ಲದಿದ್ರೆ ಬೆಂಚ್ ಮೇಲೆ ಸೂರ್ಯಕಾಂತಿ ಬೀಜ ಉಗುಳೋದನ್ನ ಅಳೀಬೇಕಾಗುತ್ತೆ. ಪಿಚರ್ ಪೆಟ್ಟು ತಿಂತಿರುವಾಗ ಎದ್ದು ಹೋಗಿ ಮಾತಾಡ್ತಾನಾ, ಹೋಮ್ ರನ್ ಹೊಡೆದ ಮುಂದಿನ ಇನ್ನಿಂಗ್ಸಲ್ಲಿ ಮಂಡಿ ಸಡಿಲಾಗುತ್ತಾ, ನೋಡಿ. ಆಮೇಲೆ ಆಗಸ್ಟ್ ಕೊನೆಗೆ ಇನ್ನೊಂದ್ಸಲ ಹೋಗಿ. 132 ಪಂದ್ಯದ ಸೀಸನ್, ಕಾಲು ಸೋತಾಗ ಬ್ಯಾಟಿನ ವೇಗ ಮೊದಲು ಇಳಿಯೋದು ಕ್ಯಾಚರ್‌ಗೆ. ಆಗಲೂ ಹಾಗೇ ಹೊಡೀತಿದ್ರೆ 55 ಬರೀರಿ."

"ಆಗಸ್ಟಲ್ಲಿ ನಾನು ಮಂಗಳೂರಿಗೆ ಹೋಗ್ಲಿಕ್ಕುಂಟು."

"ಹಾಗಾದ್ರೆ 45," ಅಂದರು ರಾಯರು, ಸ್ಟಾಪ್‌ವಾಚ್ ನಿಲ್ಲಿಸುತ್ತಾ.