ಫೈಬರ್ ದೋಣಿಯ ಜೆಲ್ ಕೋಟ್ ಎದ್ದಿದೆ, ಮಳೆಗಾಲದಲ್ಲೇ ರಿಪೇರಿ ಮಾಡಬಹುದಾ?

ಕೆಮ್ಮಣ್ಣಿನವ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 18 ಅಡಿಯ ಹಳೇ ಫೈಬರ್ ದೋಣಿ ಒಂದು ಉಂಟು. ಹೊಟ್ಟೆಪಾಡಿಗಲ್ಲ, ಭಾನುವಾರ ಸ್ವರ್ಣಾ ಹೊಳೆಯಲ್ಲಿ ಗಾಳ ಹಾಕಲಿಕ್ಕೆ, ಮಕ್ಕಳನ್ನು ಕೋಡಿಬೆಂಗ್ರೆ ಕಡೆ ಒಂದು ಸುತ್ತು ಹೊಡೆಸಲಿಕ್ಕೆ ಅಷ್ಟೆ. ಮೇ ತಿಂಗಳಲ್ಲಿ ಇಳಿತದ ಹೊತ್ತು ಕಡವಿಗೆ ತರುತ್ತಿದ್ದಾಗ ನೀರಿನಡಿ ಇದ್ದ ಮುರಕಲ್ಲಿನ ಮೆಟ್ಟಿಲಿಗೆ ಮೂತಿ ಬಡಿಯಿತು. ಎಡಗಡೆ, ನೀರಿನ ಗೆರೆಗಿಂತ ಒಂದು ಗೇಣು ಕೆಳಗೆ, ಅಂಗೈಯಷ್ಟು ಜಾಗದಲ್ಲಿ ಮೇಲಿನ ಬಿಳಿ ಪದರ, ಅದೇ ಜೆಲ್ ಕೋಟ್, ಚಕ್ಕೆಯಾಗಿ ಎದ್ದು ಹೋಯಿತು. ಸುತ್ತಲೂ ಜೇಡರ ಬಲೆಯ ಹಾಗೆ ಕೂದಲೆಳೆ ಬಿರುಕು.

ಆಗ ಗಡಿಬಿಡಿಯಲ್ಲಿ ಪೈಪಿಗೆ ಹಾಕುವ ಎಪಾಕ್ಸಿ ಪುಟ್ಟಿ ಮೆತ್ತಿ, ಮೇಲೆ ಗೇಟಿಗೆ ಬಳಿದು ಉಳಿದಿದ್ದ ಪೇಂಟ್ ಹೊಡೆದು, ಮತ್ತೆ ಮೂರು ಭಾನುವಾರ ಓಡಿಸಿದೆ. ಬೈಬೇಡಿ. ಈಗ ಮೇಲೆ ಎಳೆದು, ಮಗುಚಿ ಹಾಕಿ, ಟಾರ್ಪಾಲ್ ಹೊದೆಸಿದ್ದೇನೆ. ಪುಟ್ಟಿಯ ಅಂಚು ಎದ್ದಿದೆ, ಉಗುರು ಹಾಕಿದರೆ ಅಲ್ಲಾಡುತ್ತದೆ.

ಫೈಬರ್ ಕೆಲಸದವರನ್ನು ಕರೆದರೆ ಯಾರಿಗೂ ಪುರುಸೊತ್ತಿಲ್ಲ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳಿಗೆ ರಜೆ ಅಲ್ವಾ, ಅವರ ರಿಪೇರಿ ಎಲ್ಲ ಆ 61 ದಿನದಲ್ಲೇ ಮುಗಿಯಬೇಕು, ನನ್ನ ಆಟದ ದೋಣಿಗೆ ಯಾರು ಬರುತ್ತಾರೆ. ನಾನೇ ಮಾಡುವ ಎಂದು ಅಂಗಡಿಗೆ ಹೋದೆ. ಒಂದು ಕೆ.ಜಿ. ಬಿಳಿ ಜೆಲ್ ಕೋಟ್, ಜೊತೆಗೆ ಎರಡು ಚಿಕ್ಕ ಬಾಟಲಿ ಕೊಟ್ಟರು. ಒಂದು ನೇರಳೆ, ಇನ್ನೊಂದು ನೀರಿನ ಹಾಗೆ. ಎರಡನ್ನೂ ಸೇರಿಸಿ ಅದಕ್ಕೆ ಹಾಕಿ, ಗಟ್ಟಿಯಾಗುತ್ತದೆ ಎಂದರು. ಎಷ್ಟು ಹಾಕಬೇಕು? ಮಳೆಯಲ್ಲಿ ಮಾಡಿದರೆ ನಿಲ್ಲುತ್ತದಾ? ಪುಟ್ಟಿಯ ಮೇಲೆಯೇ ಬಳಿಯಬಹುದಾ?

ಮಲ್ಪೆ ದಕ್ಕೆ:

ಮೊದಲು ಎದ್ದು ಹೋಗಿ ಆ ಎರಡು ಬಾಟಲಿಗಳನ್ನು ಬೇರೆ ಬೇರೆ ಕಡೆ ಇಟ್ಟು ಬನ್ನಿ ಮಾರಾಯ್ರೇ. ಆಮೇಲೆ ಓದಿ.

ನೇರಳೆಯದ್ದು ಕೋಬಾಲ್ಟ್, ಗಟ್ಟಿಯಾಗುವುದನ್ನು ಚುರುಕು ಮಾಡುವಂಥದ್ದು. ನೀರಿನ ಹಾಗಿರುವುದು ಹಾರ್ಡ್‌ನರ್, ಎಂಇಕೆಪಿ. ಅವೆರಡು ನೇರ ಸೇರಿದರೆ ಬೆಂಕಿ ಏಳುತ್ತದೆ, ಸಿಡಿಯಲೂಬಹುದು. ನಿಮಗೆ ಕೊಟ್ಟವರು ಬಾಯಿತಪ್ಪಿ ಹಾಗೆ ಹೇಳಿದರೋ ಏನೋ, ಆದರೆ ಕೇಳಿದವ ಹಾಗೆಯೇ ಮಾಡಿದರೆ ಗತಿ ಏನು? ಕ್ರಮ ಹೀಗೆ: ಕೋಬಾಲ್ಟ್ ಮೊದಲು ಜೆಲ್ ಕೋಟಿಗೆ ಹೋಗಬೇಕು, ಅದು ಪೂರ್ತಿ ಕಲಸಿದ ಮೇಲೆ, ಬಳಿಯುವುದಕ್ಕೆ ಎಲ್ಲ ತಯಾರಿದ್ದಾಗ, ಹಾರ್ಡ್‌ನರ್. ಒಂದರ ಮುಚ್ಚಳ ಇನ್ನೊಂದಕ್ಕೆ ಬೇಡ, ಅಳೆಯುವ ಸಿರಿಂಜೂ ಬೇರೆ ಬೇರೆ. ಎಷ್ಟೋ ಜೆಲ್ ಕೋಟಿಗೆ ಕಂಪನಿಯಲ್ಲೇ ಕೋಬಾಲ್ಟ್ ಸೇರಿಸಿರುತ್ತಾರೆ, ಡಬ್ಬದ ಮೇಲೆ ನೋಡಿ. ಹಾಗಿದ್ದರೆ ನೇರಳೆ ಬಾಟಲಿಯ ಅಗತ್ಯವೇ ಇಲ್ಲ. ಮತ್ತೆ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಹಾರ್ಡ್‌ನರ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿಗೇ ಅಪಾಯ. ಬಿದ್ದರೆ ತಕ್ಷಣ ಕಾಲು ಗಂಟೆ ಬಿಡದೆ ನೀರು ಹೊಯ್ಯಬೇಕು, ಅಲ್ಲಿಂದ ಸೀದಾ ಆಸ್ಪತ್ರೆ.

ಹಾರ್ಡ್‌ನರ್ ಅಳತೆ 100 ಗ್ರಾಂ ಜೆಲ್ ಕೋಟಿಗೆ ಸುಮಾರು 2 ಗ್ರಾಂ. ಬಿಸಿಲು ಕಾಲದಲ್ಲಿ ಸ್ವಲ್ಪ ಕಮ್ಮಿ, ಆದರೆ 1 ಗ್ರಾಂಗಿಂತ ಕೆಳಗೆ ಹೋಗಬೇಡಿ, ಎಂದಿಗೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಬೇಗ ಒಣಗಲಿ ಎಂದು ಜಾಸ್ತಿ ಹಾಕಿದರೆ ಕಪ್ಪಿನಲ್ಲೇ ಹೊಗೆ ಬರುತ್ತದೆ, ಬಳಿದದ್ದೂ ಬಿರಿಯುತ್ತದೆ.

ಇನ್ನು ಪುಟ್ಟಿ. ಅದರ ಮೇಲೆ ಬಳಿಯಬೇಡಿ. ಜೆಲ್ ಕೋಟ್ ಪಾಲಿಯೆಸ್ಟರ್ ಜಾತಿಯದ್ದು, ಎಪಾಕ್ಸಿಯ ಮೇಲೆ ಅದಕ್ಕೆ ಗಟ್ಟಿ ಹಿಡಿತ ಸಿಗುವುದಿಲ್ಲ. ನಾಲ್ಕು ತಿಂಗಳಲ್ಲಿ ಬಾಳೆಕಾಯಿ ಚಿಪ್ಸಿನ ಹಾಗೆ ಏಳುತ್ತದೆ. ಅಷ್ಟೂ ಕಿತ್ತು ತೆಗೆಯಿರಿ.

ಕಿತ್ತ ಮೇಲೆ ಒಂದು 5 ರೂಪಾಯಿ ನಾಣ್ಯ ಹಿಡಿದು ಗಾಯದ ಸುತ್ತ ತಟ್ಟುತ್ತಾ ಬನ್ನಿ. ಗಟ್ಟಿ ಇರುವಲ್ಲಿ ಟಕ್ ಟಕ್ ಎಂದು ಚುರುಕಾಗಿ ಕೇಳುತ್ತದೆ. ಒಳಗೆ ಪದರ ಬಿಟ್ಟಿರುವಲ್ಲಿ ಹಣ್ಣಾದ ಹಲಸು ತಟ್ಟಿದ ಹಾಗೆ ಡಬ್ ಡಬ್. ಡಬ್ ಎಂದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಹಾಕಿ. ಜೆಲ್ ಕೋಟ್ ಎಂದರೆ ಅರ್ಧ ಮಿ.ಮೀ. ದಪ್ಪದ ಚರ್ಮ ಅಷ್ಟೆ. ದೋಣಿಯನ್ನು ಗಟ್ಟಿ ಹಿಡಿದಿರುವುದು ಅದಲ್ಲ, ಒಳಗಿನ ಮ್ಯಾಟು, ಅಂದರೆ ಅಂಟು ದ್ರವ (ರೆಸಿನ್) ಕುಡಿಸಿ ಗಟ್ಟಿ ಮಾಡಿದ ಗಾಜಿನ ನೂಲಿನ ಹಾಸು. ಮ್ಯಾಟೇ ಮುರಿದಿದ್ದರೆ ಮೇಲೆ ಎಷ್ಟು ಬಿಳಿ ಬಳಿದರೂ ಸುಮ್ನೆ. ದೋಣಿಯ ಒಳಗಡೆಯಿಂದಲೂ ಅದೇ ಜಾಗ ನೋಡಿ, ಅಲ್ಲಿ ಬೆಳ್ಳಗೆ ಕಂಡರೆ ಏಟು ಆಚೆಯವರೆಗೆ ಹೋಗಿದೆ ಎಂದೇ ಲೆಕ್ಕ.

ಮಳೆಯ ವಿಷಯ ರಾತ್ರಿ ಬರೆಯುತ್ತೇನೆ, ಈಗ ಒಂದು ಬೋಟಿನವರು ಕಾಯುತ್ತಿದ್ದಾರೆ.

ಬೆಂಗ್ರೆ ಹುಡುಗ:

ಅಂಗೈಯಷ್ಟು ಜಾಗಕ್ಕೆ ಇಷ್ಟು ದೊಡ್ಡ ಕಥೆಯಾ? ಬಾಟಲಿ ವಿಷಯ ಸರಿ, ಅದನ್ನು ತಮಾಷೆ ಮಾಡುವುದಿಲ್ಲ. ಆದರೆ ನೀರಿನ ಗೆರೆಯ ಕೆಳಗೆ ಜೆಲ್ ಕೋಟೇ ಬೇಕು ಎಂದು ಏನುಂಟು? ಎಪಾಕ್ಸಿ ರೆಸಿನಿನಲ್ಲೇ ಮ್ಯಾಟ್ ಹಾಕಿ, ಎಪಾಕ್ಸಿಯಲ್ಲೇ ಮಟ್ಟ ಮಾಡಿ, ಮೇಲೆ ಎಪಾಕ್ಸಿ ಪ್ರೈಮರ್, ಪಿಯು (ಪಾಲಿಯುರಿಥೇನ್) ಪೇಂಟ್. ಹಳೇ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಉಲ್ಟಾ ಆದರೆ ಮಾತ್ರ ತೊಂದರೆ. ನಾವು ದೋಣಿಯನ್ನು ದಿನಾ ಮರಳಿನ ಮೇಲೆ ಎಳೆಯುವವರು, ಎರಡು ವರ್ಷಕ್ಕೆ ತಳ ಹೇಗೂ ಬಿಳಿ ಇರುವುದಿಲ್ಲ. ಹೊಳಪು ಯಾರಿಗೆ ತೋರಿಸುವುದು, ಕಾಣೆ ಮೀನಿಗಾ?

ನಮ್ಮ ಅಜ್ಜನ ಕಾಲದಲ್ಲಿ ಮರದ ದೋಣಿಗೆ ಗೇರು ಎಣ್ಣೆ ಬಳಿಯುತ್ತಿದ್ದರು. ಆ ವಾಸನೆಗೆ ಹುಳವೂ ಬರುತ್ತಿರಲಿಲ್ಲ, ನೆಂಟರೂ ಬರುತ್ತಿರಲಿಲ್ಲ.

ಇನ್ನೊಂದು, ಮ್ಯಾಟ್ ತಗೊಳ್ಳುವಾಗ ಜಾಗ್ರತೆ. ಚೂರು ನೂಲಿನ ಮಾಮೂಲಿ ಮ್ಯಾಟ್‌ನ ಅಂಟು ಪಾಲಿಯೆಸ್ಟರ್ ರೆಸಿನಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಸರಿಯಾಗಿ ಕರಗುವುದಿಲ್ಲ. ಎಪಾಕ್ಸಿ ಎಂದಾದರೆ ನೇಯ್ದ ಬಟ್ಟೆಯನ್ನೇ ಕೇಳಿ.

ಮುಲ್ಕಿ ಅಲೆ:

ನಾನು ಸರ್ಫ್ ಬೋರ್ಡು, ಫೈಬರ್ ಕಯಾಕು ರಿಪೇರಿ ಮಾಡುವವ, ದೊಡ್ಡ ದೋಣಿ ಮುಟ್ಟಿದ್ದಿಲ್ಲ. ಆದರೆ ಜೆಲ್ ಕೋಟ್ ಹಾಕಿ ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ, ಅದಷ್ಟು ಹೇಳುತ್ತೇನೆ.

ಮೊದಲನೇ ಸಲ ಬಳಿದು ಮೂರು ದಿನ ಕಾದರೂ ಮೇಲ್ಮೈ ಅಂಟು ಅಂಟು. ಧೂಳು, ಸೊಳ್ಳೆ, ಬೆಕ್ಕಿನ ಕೂದಲು ಎಲ್ಲ ಅದರಲ್ಲಿ. ಹಾರ್ಡ್‌ನರ್ ಕಮ್ಮಿಯಾಯಿತು ಎಂದುಕೊಂಡೆ. ಹಾಗಲ್ಲ, ಗಾಳಿ ತಾಗುತ್ತಿರುವಷ್ಟು ಹೊತ್ತು ಜೆಲ್ ಕೋಟಿನ ಮೇಲ್ಮೈ ಪೂರ್ತಿ ಗಟ್ಟಿಯಾಗುವುದೇ ಇಲ್ಲ. ಅಚ್ಚಿನೊಳಗೆ ದೋಣಿ ಮಾಡುವಾಗ ಅದು ಅಚ್ಚಿಗೆ ಒತ್ತಿಕೊಂಡಿರುತ್ತದೆ, ಗಾಳಿಯ ಪ್ರಶ್ನೆ ಬರುವುದಿಲ್ಲ. ರಿಪೇರಿಯಲ್ಲಿ ನಾವೇ ಗಾಳಿ ತಡೆಯಬೇಕು. ಒಂದೋ ವ್ಯಾಕ್ಸ್ ಸೇರಿಸಿದ ಜೆಲ್ ಕೋಟ್ ತಗೊಳ್ಳಿ, ಇಲ್ಲವೇ ಬಳಿದ ತಕ್ಷಣ ಮೇಲೆ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಗುಳ್ಳೆ ಉಳಿಯದ ಹಾಗೆ ಒಂದು ಬದಿಯಿಂದ ಒತ್ತುತ್ತಾ ಬಂದು, ಸುತ್ತ ಟೇಪ್ ಹಾಕಿ. ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ಬೈಂಡಿಂಗಿಗೆ ಮೇಲೆ ಹಾಕುತ್ತಾರಲ್ಲ, ಆ ಹಾಳೆ ಸಾಕು. ಮಾರನೇ ದಿನ ಎಳೆದರೆ ಅರ್ಧ ಹೊಳಪು ಆಗಲೇ ಬಂದಿರುತ್ತದೆ. ಗಟ್ಟಿಯಾಗುವಾಗ ಕುಗ್ಗುತ್ತದೆ, ಹಾಗಾಗಿ ಸುತ್ತಲಿನ ಮಟ್ಟಕ್ಕಿಂತ ಒಂದು ಚೂರು ಉಬ್ಬಿಯೇ ಇರಲಿ.

ಎರಡನೇ ಸಲ ಬಣ್ಣದಲ್ಲಿ ಬಿದ್ದೆ. ಡಬ್ಬದ ಬಿಳಿಯನ್ನೇ ಹಾಕಿದೆ. ಬಿಸಿಲಿಗೆ ಹಳದಿ ತಿರುಗಿದ ಕಯಾಕಿನ ಮೇಲೆ ಅದು ಅಜ್ಜನ ಬಾಯಲ್ಲಿ ಹೊಸ ಹಲ್ಲು ಕಟ್ಟಿಸಿದ ಹಾಗೆ ಕಾಣುತ್ತಿತ್ತು. ಮೊದಲು ಹಳೇ ಮೈಯನ್ನು ಗಾಯದ ಹತ್ತಿರ ಕಾಂಪೌಂಡ್ (ಉಜ್ಜಿ ಹೊಳಪು ತರುವ ಪೇಸ್ಟ್) ಹಾಕಿ ಉಜ್ಜಿ, ಅದರ ನಿಜ ಬಣ್ಣ ಕಾಣಿಸುತ್ತದೆ. ಆಮೇಲೆ ಬಿಳಿಗೆ ಹಳದಿ ಪಿಗ್ಮೆಂಟನ್ನು ಹಲ್ಲುಕಡ್ಡಿಯ ತುದಿಯಲ್ಲಿ ಸೇರಿಸುತ್ತಾ ಹೋಗಿ. ಹಾರ್ಡ್‌ನರ್ ಹಾಕಿ ಗಟ್ಟಿಯಾದ ಮೇಲೆ ಬಣ್ಣ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಟೇಪಿನ ಮೇಲೆ ನಾಲ್ಕು ಚುಕ್ಕೆ ಇಟ್ಟು ಒಣಗಿಸಿ ನೋಡಿಯೇ ನಿರ್ಧರಿಸಿ.

ಫೈಬರ್ ತುರಿಕೆಗೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಕೆಲಸಕ್ಕೆ ಇಳಿಯುವವರಿದ್ದಾರೆ. ಬೇಡ. ಎಣ್ಣೆ ಕೈ ತಾಗಿದಲ್ಲಿ ಜೆಲ್ ಕೋಟ್ ಕೂರುವುದಿಲ್ಲ, ಮೀನಿನ ಕಣ್ಣಿನ ಹಾಗೆ ಗುಳಿ ಗುಳಿ ಬಿಡುತ್ತದೆ. ತುಂಬು ತೋಳಿನ ಅಂಗಿ, ಮಾಸ್ಕ್, ಆಮೇಲೆ ತಣ್ಣೀರ ಸ್ನಾನ.

ಮಲ್ಪೆ ದಕ್ಕೆ:

ಬೆಂಗ್ರೆಯವರ ಮಾತು ತಪ್ಪಲ್ಲ. ಪ್ರತಿ ಸಲ ಮೇಲೆ ಎಳೆಯುವ ದೋಣಿಗೆ ಎಪಾಕ್ಸಿ, ಪಿಯು ನಡೆಯುತ್ತದೆ. ಇಡೀ ವರ್ಷ ನೀರಲ್ಲೇ ಇರುವ ಬೋಟಾದರೆ ನೀರಿನಡಿ ಮಾಮೂಲಿ ಪಿಯು ಗುಳ್ಳೆ ಏಳುತ್ತದೆ. ಆದರೆ ಇವರು ಆಗಲೇ ಜೆಲ್ ಕೋಟ್ ತಂದಿದ್ದಾರೆ, ಅದರಲ್ಲೇ ಮಾಡಲಿ.

ಈಗ ಮಳೆ. ಸೋರದ ಶೆಡ್ ಇದ್ದರೆ ಮಳೆಗಾಲದಲ್ಲೂ ಕೆಲಸ ಆಗುತ್ತದೆ, ನಾವು ಮಾಡುತ್ತಿಲ್ವಾ. ಹೊರಗಿನ ಮಳೆಗಿಂತ ಜಾಸ್ತಿ ಕಾಟ ಕೊಡುವುದು ಮ್ಯಾಟಿನೊಳಗೆ ಕೂತ ನೀರು. ನೀವು ಒಡೆದ ಮೇಲೂ ಮೂರು ಭಾನುವಾರ ಓಡಿಸಿದ್ದೀರಿ. ಆ ಉಪ್ಪುನೀರು ನೂಲಿನ ಎಳೆ ಹಿಡಿದು ಒಳಗೆ ಹೋಗಿರುತ್ತದೆ. ಉಪ್ಪು ಇದ್ದರೆ ಪಸೆ ಆರುವುದೂ ಇಲ್ಲ, ಆಟಿ ತಿಂಗಳ ಮಳೆಯಲ್ಲಿ ಉಪ್ಪಿನ ಡಬ್ಬ ನೋಡಿದ್ದೀರಲ್ಲ. ಹಾಗಾಗಿ ಪುಟ್ಟಿ ತೆಗೆದ ಮೇಲೆ ಬಾವಿ ನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆದು ಒಣಗಲು ಬಿಡಿ. ಒಣಗಿತೋ ಇಲ್ಲವೋ ಎಂದು ನೋಡಲು ಗಾಯದ ಮೇಲೆ ತೆಳು ಪ್ಲಾಸ್ಟಿಕ್ ಇಟ್ಟು ನಾಲ್ಕೂ ಬದಿ ಟೇಪ್ ಒತ್ತಿ. ಒಂದು ದಿನ ಬಿಟ್ಟು ನೋಡಿ. ಒಳಮೈಯಲ್ಲಿ ಬೆವರಿದ್ದರೆ ಕೆಲಸ ಮುಂದಕ್ಕೆ.

ಅಸಿಟೋನಿನಲ್ಲಿ ಒರೆಸಿದ ತಕ್ಷಣ ಬಳಿಯಬೇಡಿ. ಅದು ಹಾರುವಾಗ ಮೈ ತಣ್ಣಗಾಗುತ್ತದೆ, ಈ ತೇವದ ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರು ಅದರ ಮೇಲೆ ಕೂರುತ್ತದೆ. ಹತ್ತು ನಿಮಿಷ ಬಿಟ್ಟು, ಕೈ ಬೆನ್ನಿಗೆ ತಣ್ಣಗೆ ಅನಿಸದಿದ್ದರೆ ಮಾತ್ರ ಮುಂದಕ್ಕೆ.

ಕೆಮ್ಮಣ್ಣಿನವ:

ಬಾಟಲಿ ಒಂದು ಬಚ್ಚಲಿನ ಮೇಲಿನ ಅಟ್ಟದಲ್ಲಿ, ಇನ್ನೊಂದು ಬೈಕ್ ಶೆಡ್ಡಿನಲ್ಲಿ. ಡಬ್ಬದ ಮೇಲೆ ಕೋಬಾಲ್ಟ್ ಸೇರಿಸಿದೆ ಎಂದೇ ಬರೆದಿದೆ, ನೇರಳೆಯದ್ದನ್ನು ವಾಪಸ್ ಕೊಡುತ್ತೇನೆ.

ಇವತ್ತು ಸ್ಕ್ರೂಡ್ರೈವರ್ ಹಾಕಿದೆ. ಪುಟ್ಟಿ ಒಂದೇ ತುಂಡಾಗಿ, ಬೇಯಿಸಿದ ಮೊಟ್ಟೆಯ ಸಿಪ್ಪೆಯ ಹಾಗೆ ಬಂತು. ಹಿಂದಿನಿಂದ ನೀರು ಇಳಿಯಿತು ಮಾರಾಯ್ರೇ, ಹನಿ ಅಲ್ಲ, ಒಂದು ಗೆರೆಯಾಗಿ ಬಂದು ನನ್ನ ಮೊಣಕೈ ತನಕ. ಮಗಚಿ ಹಾಕಿ ಮೂರು ವಾರ ಆಗಿದೆ! ನಾಣ್ಯ ತಟ್ಟಿದೆ. ಅಂಗೈ ಎಂದದ್ದು ಈಗ ಊಟದ ಬಟ್ಟಲಿನಷ್ಟು ಆಯಿತು. ಒಳಗಡೆ ಬೆಳ್ಳಗಾಗಿಲ್ಲ, ಹೊರಗಿನ ಎರಡು ಮೂರು ಪದರ ಮಾತ್ರ ಬಿಟ್ಟಿದೆ ಅನಿಸುತ್ತದೆ. ಮುಂದೆ?

ಮಲ್ಪೆ ದಕ್ಕೆ:

ಒಳಗೆ ಸರಿ ಇದೆ ಎಂದರೆ ಅದೃಷ್ಟ. ಪೆನ್ಸಿಲ್ ಗೆರೆಯೊಳಗೆ ಬಿಟ್ಟ ಪದರವನ್ನೆಲ್ಲ ಗ್ರೈಂಡರಿನಲ್ಲಿ ತೆಗೆಯಿರಿ, ಟಕ್ ಎನ್ನುವ ಗಟ್ಟಿ ಮ್ಯಾಟ್ ಸಿಗುವ ತನಕ. ಅಂಚನ್ನು ಗುಂಡಿಯ ಹಾಗೆ ಕಡಿದಾಗಿ ಬಿಡಬೇಡಿ, ದೋಸೆ ಕಾವಲಿಯ ಹಾಗೆ ಇಳಿಜಾರು ಬರಲಿ. ಒಂದು ಮಿ.ಮೀ. ಆಳಕ್ಕೆ 12 ಮಿ.ಮೀ. ಅಗಲ ಲೆಕ್ಕ. ಮೂರು ಮಿ.ಮೀ. ಆಳ ಹೋದರೆ ಸುತ್ತಲೂ ಮೂರೂವರೆ ಸೆಂ.ಮೀ. ಇಳಿಜಾರು ಬೇಕು. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಪದರಕ್ಕೆ ಹೆಚ್ಚುಕಮ್ಮಿ ಒಂದು ಮಿ.ಮೀ. ಆಗುತ್ತದೆ, ಹಾಗಾಗಿ ಮೂರು ತುಂಡು. ಪಾಲಿಯೆಸ್ಟರ್ ರೆಸಿನಿನಲ್ಲೇ ಹಾಕಿ. ಬ್ರಷ್ಷನ್ನು ಎಳೆಯಬೇಡಿ, ಕುಟ್ಟಿ. ಎಳೆದರೆ ನೂಲು ಬ್ರಷ್ಷಿನ ಜೊತೆ ಎದ್ದು ಬರುತ್ತದೆ. ಬೆಳ್ಳಗಿದ್ದಲ್ಲಿ ಗಾಳಿ ಉಳಿದಿದೆ ಎಂದರ್ಥ.

ಸುತ್ತಲಿನ ಕೂದಲೆಳೆ ಬಿರುಕುಗಳನ್ನು ಮರೆಯಬೇಡಿ. ಅದರ ಮೇಲೆಯೇ ಬಳಿದರೆ ಮುಂದಿನ ವರ್ಷ ಅದೇ ಬಲೆ ವಾಪಸ್. ಕಪ್ಪು ಮಾರ್ಕರ್ ಉಜ್ಜಿ ಒರೆಸಿದರೆ ಎಲ್ಲಿಯ ತನಕ ಓಡಿವೆ ಎಂದು ಕಾಣುತ್ತದೆ. ಒಂದೊಂದನ್ನೂ ಚೂಪು ತುದಿಯಲ್ಲಿ ವಿ ಆಕಾರಕ್ಕೆ ಬಿಡಿಸಿ ತುಂಬಿಸಬೇಕು. ಬೇಜಾರಿನ ಕೆಲಸ, ರೇಡಿಯೋ ಹಾಕಿಕೊಳ್ಳಿ. ಕೊನೆಗೆ ಜೆಲ್ ಕೋಟ್. ಉಜ್ಜಲಿಕ್ಕೆ ಮರದ ತುಂಡಿಗೆ ಸುತ್ತಿದ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), 320 ನಂಬರಿನಿಂದ ಹಿಡಿದು 400, 600, 1000 ಹೀಗೆ, ಕೊನೆಗೆ ಕಾಂಪೌಂಡ್. ಬೆರಳಲ್ಲಿ ಒತ್ತಿ ಉಜ್ಜಿದರೆ ತಗ್ಗು ಬೀಳುತ್ತದೆ.

ಆದರೆ ಇದೆಲ್ಲ ಪ್ಲಾಸ್ಟಿಕ್ ಬೆವರು ನಿಂತ ಮೇಲೆ.

ಕೆಮ್ಮಣ್ಣಿನವ:

ಗ್ರೈಂಡ್ ಮಾಡಿ, ತೊಳೆದು ಒಂಬತ್ತು ದಿನ ಆಯಿತು. ಪ್ಲಾಸ್ಟಿಕ್ ಹಾಕಿ ನೋಡಿದೆ, ಇನ್ನೂ ಸಾಸಿವೆಯಷ್ಟು ಹನಿಗಳು. ಪಕ್ಕದ ಮನೆಯವರ ಕೋಳಿಗೂಡಿನ 100 ವಾಟ್ ಬಲ್ಬ್ ಎರಡು ತಂದು ಅಡಿಯಲ್ಲಿ ಉರಿಸಿದ್ದೇನೆ. ಮಗಳು ದೋಣಿಗೆ ಬಾಣಂತನ ಅನ್ನುತ್ತಾಳೆ. ಸರಿಯಾ?

ಮಲ್ಪೆ ದಕ್ಕೆ:

ಸರಿ, ಆದರೆ ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. ಒಂದು ಮೊಳ ದೂರ ಇಡಿ. ಅಸಿಟೋನ್, ರೆಸಿನ್ ಡಬ್ಬ ತೆರೆಯುವ ಮೊದಲು ಬಲ್ಬ್ ಆರಿಸಿ, ತಣಿಸಿ, ಆಚೆ ಒಯ್ಯಿರಿ. ಅದರ ಹಬೆಗೆ ಬೆಂಕಿ ಹಿಡಿಯಲು ಹೊತ್ತು ಬೇಡ. ಇನ್ನೂ ಒಂದು ವಾರ ಕಾಯಿರಿ.

ಕೆಮ್ಮಣ್ಣಿನವ:

ಕಾಯುತ್ತೇನೆ. ಸದ್ಯಕ್ಕೆ ಬಲ್ಬಿನ ಪಕ್ಕ ಎರಡು ಬೆಕ್ಕು ಮಲಗಿವೆ, ಒಣಗಿದ ಜಾಗ ಯಾವುದು ಎಂದು ಅವಕ್ಕೇ ಗೊತ್ತು.