ಮೋಟಾರ್ ಬೋಟ್ ನಿಧಾನ ಮಾಡಿದರೂ ಅಲೆ ಜಾಸ್ತಿ ಬರುತ್ತದೆ, ಯಾಕೆ?

ಪ್ರಶ್ನೆ: ನದಿಯಲ್ಲಿ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಓಡಿಸುತ್ತೇನೆ. ನನ್ನನ್ನು ಕಂಡಾಗ ಮೋಟಾರ್ ಬೋಟಿನವರು ವೇಗ ಇಳಿಸುತ್ತಾರೆ, ಪಾಪ. ಆದರೂ ಅಲೆಗೆ ಕಯಾಕ್ ಹೊಯ್ದಾಡುತ್ತದೆ. ದಡಕ್ಕೆ ಅಂಟಿಕೊಂಡೇ ಹೋಗಬೇಕಾ?

ಉತ್ತರ 1: ನಾನು ಮೋಟಾರ್ ಬೋಟಿನವನೇ. ಅರ್ಧಂಬರ್ಧ ವೇಗ ಇಳಿಸುವುದೇ ತೊಂದರೆ. ಬೋಟಿನ ಮೂತಿ ಮೇಲೆದ್ದು, ಹಿಂಭಾಗ ನೀರಲ್ಲಿ ಕುಸಿದು, ನೀರನ್ನು ಉಳುತ್ತಾ ಹೋದಾಗಲೇ ದೊಡ್ಡ ಅಲೆ ಏಳುವುದು. ಮೂತಿ ಪೂರ್ತಿ ಕೆಳಗಿಳಿಯುವಷ್ಟು ನಿಧಾನ ಮಾಡಬೇಕು. ಅದೂ ನಿಮ್ಮ ಪಕ್ಕಕ್ಕೆ ಬಂದ ಮೇಲಲ್ಲ, ಸಾಕಷ್ಟು ಮುಂಚೆಯೇ. ಥ್ರಾಟಲ್ ಇಳಿಸಿ ನಾನು ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ. ನಮ್ಮ ಅಲೆಗೆ ನಾವೇ ಜವಾಬ್ದಾರರು, ಅಲ್ವಾ?

ಉತ್ತರ 2: ದಡಕ್ಕೆ ತೀರಾ ಅಂಟಬೇಡಿ. ಅಲ್ಲಿ ಅಲೆ ಬಡಿದು ವಾಪಸ್ ಬರುತ್ತದೆ. ಅಲೆ ಬಂದಾಗ ಮೂತಿಯನ್ನು ಅದರ ಕಡೆಗೆ ತಿರುಗಿಸಿ, ಹುಟ್ಟು ಹಾಕುತ್ತಲೇ ಇರಿ. ಸುಮ್ನೆ ಕೂತರೆ ಮಗುಚುವ ಭಯ ಜಾಸ್ತಿ. ಹಡಗು, ದೋಣಿಗಳ ಡಿಕ್ಕಿ ತಡೆಯಲು ಮಾಡಿದ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಕಿರಿದಾದ ಜಲಮಾರ್ಗದಲ್ಲಿ ಬಲಬದಿಗೆ ಇರಬೇಕು. ಹಿಂದಿನಿಂದ ದಾಟುವವರೇ ಜಾಗ ಬಿಟ್ಟು ಹೋಗಬೇಕು. ನಿಮ್ಮ ನದಿಗೆ ಬೇರೆ ನಿಯಮ ಇದ್ದರೆ ಅದನ್ನೇ ಪಾಲಿಸಿ.

ಪ್ರಶ್ನೆ ಕೇಳಿದವರು: ಸರಿ. ನಿಧಾನ ಮಾಡಿದವರಿಗೆ ಕೈ ಬೀಸಿದರೆ ಅಪಾಯದಲ್ಲಿದ್ದೇನೆ ಅಂದುಕೊಳ್ಳಲ್ವಾ?

ಉತ್ತರ 1: ಒಂದು ಕೈ ಬೀಸಿದರೆ ಏನೂ ಆಗಲ್ಲ, ಖುಷಿಯೇ. ಆದರೆ ಎರಡೂ ಕೈ ಪಕ್ಕಕ್ಕೆ ಚಾಚಿ ನಿಧಾನವಾಗಿ ಮತ್ತೆ ಮತ್ತೆ ಮೇಲೆ ಕೆಳಗೆ ಆಡಿಸಿದರೆ ಅದು ಸಹಾಯ ಕೇಳುವ ಸಂಕೇತ.